ಆಳಸಮುದ್ರದ ಸ್ಕೇಟ್ ಮೀನಿನ ತತ್ತಿಚೀಲಗಳು: ಅವುಗಳನ್ನು ಗುರುತಿಸುವ ಕ್ರಮ

ಬಿತ್ತನೆಯ ಕಾಳನ್ನು ಅಂಗೈಯಲ್ಲಿ ಹಿಡಿದು ನೋಡಿದ ಮಾತ್ರದಿಂದಲೇ ಅದು ಯಾವ ಪೈರಿನದು, ಯಾವ ತಳಿಯದು, ಹೊಸದೋ ಹಳೆಯದೋ, ಗಟ್ಟಿಯಾದುದೋ ಹುಳು ಹಿಡಿದುದೋ ಎಂಬುದನ್ನು ಹೇಳಬಲ್ಲ ಬೇಸಾಯಗಾರರು ಪ್ರತಿಯೊಂದು ಗ್ರಾಮದಲ್ಲಿಯೂ ಇರುವರು. ಬೀಜದ ಗುರುತು ತಪ್ಪಿದರೆ ವರ್ಷದ ಬೆಳೆಯೇ ತಪ್ಪುವುದಾದ್ದರಿಂದ ಈ ಜ್ಞಾನಕ್ಕೆ ಹಿಂದಿನಿಂದಲೂ ಬೆಲೆಯುಂಟು. ನೆಲದ ಬೇಸಾಯದಂತೆಯೇ ಮೀನುಗಾರಿಕೆಯೂ ಜನರಿಗೆ ಆಹಾರವನ್ನು ಒದಗಿಸುವ ಕಸಬಾಗಿದೆ. ಅದಕ್ಕೂ ಬೀಜವುಂಟು, ಆ ಬೀಜಕ್ಕೂ ಗುರುತುಗಳುಂಟು. ಆಳವಾದ ಸಮುದ್ರದ ತಳದಲ್ಲಿ ವಾಸಿಸುವ ಸ್ಕೇಟ್ ಎಂಬ ಚಪ್ಪಟೆ ಮೀನಿನ ತತ್ತಿಯನ್ನು ಗುರುತಿಸುವ ಕ್ರಮವೂ, ಹಾಗೆ ಗುರುತಿಸುವುದರಿಂದ ದೊರೆಯುವ ಪ್ರಯೋಜನವೂ ಈ ಲೇಖನದಲ್ಲಿ ವಿವರಿಸಲ್ಪಟ್ಟಿವೆ.

ಸ್ಕೇಟ್ ಮೀನೆಂದರೆ ಯಾವುದು?

ಕನ್ನಡ ಕರಾವಳಿಯ ಜನರೆಲ್ಲರೂ ತೊರಕೆ ಮೀನನ್ನು ಬಲ್ಲರು. ಸ್ಕೇಟ್ ಮೀನು ಆ ತೊರಕೆಯ ದಾಯಾದಿ. ಎರಡರ ಮೈಯೂ ಮೊರದಂತೆ ಅಗಲವಾಗಿ ಚಪ್ಪಟೆಯಾಗಿರುವುದು. ಎರಡಕ್ಕೂ ಗಟ್ಟಿ ಎಲುಬುಗಳಿಲ್ಲದೆ ಮೆದುವಾದ ಎಲುಬಿನ ಹಂದರ ಮಾತ್ರವೇ ಇರುವುದು. ಆದರೆ ಇವೆರಡಕ್ಕೂ ಮುಖ್ಯವಾದ ಭೇದಗಳುಂಟು. ತೊರಕೆಯ ಬಾಲದಲ್ಲಿ ವಿಷದ ಮುಳ್ಳಿರುವುದು; ಸ್ಕೇಟ್ ಮೀನಿಗೆ ಅಂಥ ಮುಳ್ಳಿಲ್ಲ, ಬೆನ್ನಿನ ಮೇಲೂ ಬಾಲದ ಮೇಲೂ ಚಿಕ್ಕ ಚಿಕ್ಕ ಮುಳ್ಳುಗಳ ಸಾಲು ಮಾತ್ರವುಂಟು. ತೊರಕೆಯು ಜೀವವುಳ್ಳ ಮರಿಗಳನ್ನು ಈಯುವುದು; ಬಲೆಗೆ ಬಿದ್ದ ತೊರಕೆಯು ದೋಣಿಯಲ್ಲಿಯೇ ಮರಿ ಹಾಕುವುದನ್ನು ಕಂಡ ಮೀನುಗಾರರು ಉಂಟು. ಸ್ಕೇಟ್ ಮೀನಾದರೋ ತತ್ತಿಯಿಡುವುದು. ಲೋಕದಲ್ಲಿ ಈವರೆಗೆ ತಿಳಿದಿರುವ ಸ್ಕೇಟ್ ಜಾತಿಗಳು ಸುಮಾರು ೩೦೦. ಇವೆಲ್ಲವೂ ತತ್ತಿಯಿಡುವ ಮೀನುಗಳೇ. ಇವುಗಳಲ್ಲಿ ಬಹುಭಾಗವು ಬಿಸಿಲು ತಲಪದ ತಂಪಾದ ಆಳನೀರಿನಲ್ಲಿ ವಾಸಿಸುವುದು.

ಕೆರೆಗಳಲ್ಲಿ ಸಾಕುವ ಕಾಟ್ಲಾ, ರೋಹು ಮೊದಲಾದ ಮೀನುಗಳು ಒಂದೊಂದು ಋತುವಿನಲ್ಲಿ ಲಕ್ಷಗಟ್ಟಲೆ ತತ್ತಿಗಳನ್ನು ಸುರಿಸುವುವು. ಅವುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಕೆಟ್ಟರೂ ಮೀನಿನ ಸಂತತಿಗೆ ಕೊರತೆಯಾಗದು. ಸ್ಕೇಟ್ ಮೀನು ಸಾಮಾನ್ಯವಾಗಿ ವರ್ಷಕ್ಕೆ ಕೆಲವು ಹತ್ತು ಅಥವಾ ನೂರು ನೂರೈವತ್ತು ತತ್ತಿಗಳನ್ನು ಮಾತ್ರವೇ ಇಡುವುದು. ಹರೆಯಕ್ಕೆ ಬರಲು ಅನೇಕ ವರ್ಷಗಳನ್ನೂ ತೆಗೆದುಕೊಳ್ಳುವುದು. ಆದಕಾರಣ ಇದರ ಒಂದೊಂದು ತತ್ತಿಯೂ ಎಣಿಕೆಗೆ ಬರತಕ್ಕದ್ದು.

ತತ್ತಿಚೀಲದ ರಚನೆ

ಸ್ಕೇಟ್ ಮೀನಿನ ತತ್ತಿಯು ಕೋಳಿಯ ಮೊಟ್ಟೆಯಂತೆ ಗುಂಡಾಗಿರುವುದಿಲ್ಲ. ಅದು ನಾಲ್ಕು ಮೂಲೆಗಳುಳ್ಳ, ನಡುವೆ ದಿಂಬಿನಂತೆ ಉಬ್ಬಿದ ಚೀಲ. ನೋಡುವುದಕ್ಕೆ ಚಿಕ್ಕದೊಂದು ಎಲೆಯಡಿಕೆಯ ಸಂಚಿಯನ್ನು ಹೋಲುವುದು. ಪ್ರತಿ ಮೂಲೆಯಿಂದಲೂ ಒಂದೊಂದು ಕೊಂಬು ಹೊರಟಿರುವುದು. ಯುರೋಪಿನ ಕರಾವಳಿಯ ಜನರು ಇದನ್ನು ಮತ್ಸ್ಯಕನ್ಯೆಯ ಹಣದ ಚೀಲವೆಂದು ಕರೆಯುವ ವಾಡಿಕೆಯುಂಟು.

ತಾಯಿಮೀನಿನ ಗರ್ಭನಾಳದಲ್ಲಿ ಒಂದು ವಿಶೇಷವಾದ ಗ್ರಂಥಿಯಿರುವುದು. ಅದು ಜಿಗುಟಾದ ಪದಾರ್ಥವನ್ನು ಸ್ರವಿಸಿ ಮೊದಲು ಚೀಲದ ಅರ್ಧ ಭಾಗವನ್ನು ನಿರ್ಮಿಸುವುದು. ಬಳಿಕ ಬಂಡಾರವು, ಎಂದರೆ ತತ್ತಿಯ ಹಳದಿಯ ಭಾಗವು, ಅದರೊಳಕ್ಕೆ ಇಳಿಯುವುದು. ಆಮೇಲೆ ಉಳಿದರ್ಧವು ಬೆಳೆದು ಚೀಲದ ಬಾಯಿ ಮುಚ್ಚಿಹೋಗುವುದು. ಗರ್ಭನಾಳಗಳು ಎರಡಿರುವುದರಿಂದ ಚೀಲಗಳು ಸಾಮಾನ್ಯವಾಗಿ ಜೋಡಿಜೋಡಿಯಾಗಿ ಹೊರಬರುವುವು. ಹೊಸದಾಗಿ ಇಟ್ಟ ಚೀಲವು ತಿಳಿಬಣ್ಣವಾಗಿದ್ದು, ದಿನಗಳೆದಂತೆ ಹದಮಾಡಿದ ತೊಗಲಿನ ಹಾಗೆ ಕಪ್ಪೇರಿ ಗಟ್ಟಿಯಾಗುವುದು. ಅದರ ಮೇಲಿನ ಜಿಗುಟಾದ ನಾರುಗಳು ಕಲ್ಲು, ಹವಳ, ಮರಳು ಇವುಗಳಿಗೆ ಅಂಟಿಕೊಂಡು ಪ್ರವಾಹಕ್ಕೆ ಕೊಚ್ಚಿಹೋಗದಂತೆ ಚೀಲವನ್ನು ಹಿಡಿದು ನಿಲ್ಲಿಸುವುವು.

ಕೊಂಬುಗಳ ಬಳಿ ಸಣ್ಣ ಸೀಳುಗಳಿರುವುವು. ಮೊದಲು ಇವು ಲೋಳೆಯಿಂದ ಮುಚ್ಚಿರುವುವು. ಮರಿಯು ಸ್ವಲ್ಪ ಬೆಳೆದ ತರುವಾಯ ಲೋಳೆಯು ಕರಗಿ ಸೀಳುಗಳು ತೆರೆಯುವುವು. ಆಗ ಮರಿಯು ತನ್ನ ಬಾಲದ ತುದಿಯನ್ನು ಬಿಡದೆ ಆಡಿಸುತ್ತಾ ಹೊಸ ನೀರನ್ನು ಒಳಕ್ಕೆ ಎಳೆದು ಹಳೆಯ ನೀರನ್ನು ಹೊರಕ್ಕೆ ನೂಕುವುದು. ಅದರ ಉಸಿರಾಟವು ಇದರಿಂದಲೇ ನಡೆಯುವುದು. ತಂದೆತಾಯಿಗಳ ಕಾವಲು ಅದಕ್ಕಿಲ್ಲ. ಬಂಡಾರವೆಲ್ಲವೂ ತೀರಿದ ಮೇಲೆ ಚೀಲದ ಒಂದು ತುದಿಯು ಬಿರಿದು, ದೊಡ್ಡ ಮೀನಿನ ರೂಪವನ್ನೇ ಪಡೆದ ಚಿಕ್ಕ ಮರಿಯು ಹೊರಬರುವುದು. ಸಾಮಾನ್ಯವಾಗಿ ಒಂದು ಚೀಲದಲ್ಲಿ ಒಂದೇ ಮರಿ. ಉತ್ತರ ಶಾಂತಸಾಗರದ ಅಮೆರಿಕದ ಕಡೆಯಲ್ಲಿರುವ ದೊಡ್ಡ ಸ್ಕೇಟ್ ಮತ್ತು ಕೊರಿಯ, ಜಪಾನ್ ದೇಶಗಳ ಬಳಿಯಿರುವ ಚುಕ್ಕೆ ಸ್ಕೇಟ್ ಎಂಬ ಎರಡು ಜಾತಿಗಳು ಮಾತ್ರ ಇದಕ್ಕೆ ಅಪವಾದ. ಅವುಗಳ ಒಂದೇ ಚೀಲದಲ್ಲಿ ಹಲವು ಮರಿಗಳಿರುವುದುಂಟು.

ಗುರುತಿಸುವ ಕ್ರಮ

ಸಮುದ್ರದ ತಳದಿಂದ ಮೇಲಕ್ಕೆ ಬಂದ ಚೀಲವೊಂದನ್ನು ಪರೀಕ್ಷಿಸುವಾಗ ಈ ಕೆಳಗಣ ಕ್ರಮವನ್ನು ಅನುಸರಿಸತಕ್ಕದ್ದು.

೧. ಚೀಲವು ಸ್ಕೇಟ್ ಮೀನಿನದೇ ಎಂಬುದನ್ನು ಮೊದಲು ನಿಶ್ಚಯಿಸಬೇಕು. ಮೂಲೆಗಳಲ್ಲಿ ಗಡುಸಾದ ಕೊಂಬುಗಳಿದ್ದರೆ ಅದು ಸ್ಕೇಟ್ ಮೀನಿನದು. ಕೊಂಬುಗಳ ಸ್ಥಾನದಲ್ಲಿ ಬಳ್ಳಿಯ ಕುಡಿಯಂತೆ ಸುರುಳಿ ಸುತ್ತಿಕೊಂಡ ಉದ್ದವಾದ ಎಳೆಗಳಿದ್ದರೆ ಅದು ಬೆಕ್ಕುಶಾರ್ಕ್ ಎಂಬ ಚಿಕ್ಕ ಶಾರ್ಕಿನದು. ಚೀಲವೇ ತಿರುಪುಮೊಳೆಯಂತೆ ಸುತ್ತಿಕೊಂಡಿದ್ದರೆ ಕೊಂಬುಶಾರ್ಕಿನದು. ಕದಿರಿನಂತೆ ನೀಳವಾಗಿ ಬಾಲದ ಕಡೆಗೆ ಸಣ್ಣದಾಗುತ್ತ ಹೋದರೆ ಕೈಮೀರಾ ಎಂಬ ಆಳನೀರಿನ ಮೀನಿನದು.

೨. ಚೀಲವು ಒಣಗಿದ್ದರೆ ಅದನ್ನು ನೀರಿನಲ್ಲಿ ನೆನೆಯಿಸಿ ಮೊದಲಿನ ಆಕಾರಕ್ಕೆ ತರಬೇಕು. ಒಣಗಿದ ಚೀಲವು ಕುಗ್ಗಿ ಮುದುಡುವುದರಿಂದ ಅದರ ಅಳತೆಯನ್ನು ನಂಬಿದವರು ದೊಡ್ಡ ಜಾತಿಯ ಚೀಲವನ್ನು ಚಿಕ್ಕ ಜಾತಿಯದೆಂದು ಭ್ರಮಿಸುವರು. ಒಣಗಿದ ಮೆಣಸಿನಕಾಯನ್ನು ನೋಡಿ ಹಸಿಯ ಕಾಯಿನ ಗಾತ್ರವನ್ನು ಹೇಳಲಾಗದಷ್ಟೆ.

೩. ಬಳಿಕ ಅಳೆಯಬೇಕು. ಉದ್ದವನ್ನು ಅಳೆಯುವಾಗ ಕೊಂಬುಗಳನ್ನು ಸೇರಿಸಕೂಡದು. ಚೀಲದ ಒಂದು ಅಂಚಿನ ನಡುವಿನಿಂದ ಎದುರಂಚಿನ ನಡುವಿನವರೆಗೆ ಅಳೆಯಬೇಕು. ಅತ್ಯಂತ ಅಗಲವಾಗಿರುವೆಡೆಯಲ್ಲಿ ಅಗಲವನ್ನೂ, ನಾಲ್ಕು ಕೊಂಬುಗಳ ಉದ್ದವನ್ನೂ ಬೇರೆಬೇರೆಯಾಗಿ ಬರೆದಿಡಬೇಕು. ಚಿಕ್ಕ ಜಾತಿಗಳ ಚೀಲವು ಒಂದೆರಡು ಅಂಗುಲದಷ್ಟಿದ್ದರೆ, ಮೇಲೆ ಹೇಳಿದ ದೊಡ್ಡ ಸ್ಕೇಟಿನ ಚೀಲವು ಒಂಬತ್ತರಿಂದ ಹನ್ನೆರಡು ಅಂಗುಲದವರೆಗೂ ಇರುವುದು.

೪. ಕೊಂಬುಗಳನ್ನು ನೋಡಬೇಕು. ಕೆಲವು ಜಾತಿಗಳಲ್ಲಿ ಒಂದು ತುದಿಯ ಕೊಂಬುಗಳು ಮೊಟಕಾಗಿ ಒಳಕ್ಕೆ ಬಾಗಿದ್ದು, ಇನ್ನೊಂದು ತುದಿಯವು ನೀಳವಾಗಿರುವುವು. ಕೆಲವುಗಳಲ್ಲಿ ನಾಲ್ಕೂ ಸರಿಸುಮಾರಾಗಿ ಒಂದೇ ಉದ್ದವಾಗಿರುವುವು. ಎತ್ತುಗಳನ್ನು ಕೊಂಬಿನ ಬಾಗಿನಿಂದ ಗುರುತಿಸುವ ರೈತನಿಗೆ ಈ ಭೇದವು ಸುಲಭವಾಗಿ ಕಂಡುಬರುವುದು.

೫. ಎರಡು ಪಕ್ಕಗಳಲ್ಲಿ ಅಂಚುಪಟ್ಟಿಯಿದೆಯೇ ಎಂಬುದನ್ನು ಪರೀಕ್ಷಿಸಬೇಕು. ಕೆಲವು ಚೀಲಗಳಿಗೆ ಸೀರೆಯ ಅಂಚಿನಂತೆ ತೆಳುವಾದ ಪಟ್ಟಿಯುಂಟು. ಕೆಲವುಗಳಲ್ಲಿ ಅದು ಅಗಲವಾಗಿಯೂ ಕೆಲವುಗಳಲ್ಲಿ ಕಿರಿದಾಗಿಯೂ ಇರುವುದು. ಕೆಲವಕ್ಕೆ ಇಲ್ಲವೇ ಇಲ್ಲ.

೬. ಕಡೆಗೆ ಮೈಯನ್ನು ಬೆರಳಿನಿಂದ ತಡವಿ ನೋಡಬೇಕು. ಚೀಲದ ಮೈ ನುಣುಪಾಗಿರಬಹುದು, ಉದ್ದುದ್ದವಾದ ಗೆರೆಗಳುಳ್ಳದ್ದಾಗಿರಬಹುದು, ಮಕಮಲ್ಲಿನಂತೆ ಮೆತ್ತಗಿರಬಹುದು, ಅಥವಾ ಸಣ್ಣ ಮುಳ್ಳುಗಳಿಂದ ಒರಟಾಗಿರಬಹುದು. ಮೇಲಿನ ನಾರು ಉಜ್ಜಿಹೋದ ಹಳೆಯ ಚೀಲವನ್ನು ನುಣುಪಾದುದೆಂದು ತಪ್ಪಾಗಿ ತಿಳಿಯಬಾರದು.

ಈ ಲಕ್ಷಣಗಳಲ್ಲಿ ಯಾವುದೊಂದನ್ನೇ ಹಿಡಿದು ತೀರ್ಮಾನ ಮಾಡತಕ್ಕದ್ದಲ್ಲ. ಬಣ್ಣವು ವಯಸ್ಸಿನಿಂದ ಬದಲಾಗುವುದು. ಗಾತ್ರವು ತಾಯಿಯಿಂದ ತಾಯಿಗೆ ಸ್ವಲ್ಪ ಹೆಚ್ಚುಕಡಿಮೆಯಾಗುವುದು. ಕೊಂಬು, ಅಂಚು, ಮೈ ಮತ್ತು ಅಳತೆ ಈ ನಾಲ್ಕೂ ಒಂದೇ ಜಾತಿಯನ್ನು ತೋರಿಸಿದಾಗ ಮಾತ್ರವೇ ಗುರುತು ನೆಲೆಗೊಳ್ಳುವುದು.

ನಿಶ್ಚಯವಾದ ಸಾಕ್ಷ್ಯ

ಯಾವ ಚೀಲವು ಯಾವ ತಾಯಿಯದೆಂಬುದು ಮೊಟ್ಟಮೊದಲು ತಿಳಿದುದಾದರೂ ಹೇಗೆ? ಇದಕ್ಕೆ ಮೂರು ಮಾರ್ಗಗಳುಂಟು. ಬಲೆಗೆ ಬಿದ್ದ ಗರ್ಭವತಿಯಾದ ಮೀನಿನ ಹೊಟ್ಟೆಯಲ್ಲಿಯೇ ಪೂರ್ಣವಾಗಿ ಬೆಳೆದ ಚೀಲವು ದೊರೆತರೆ ಸಂಶಯಕ್ಕೆ ಎಡೆಯಿಲ್ಲ; ಇದೇ ಎಲ್ಲಕ್ಕಿಂತ ಹಳೆಯ ಮಾರ್ಗ. ಎರಡನೆಯದು, ಚೀಲವನ್ನು ತಂಪಾದ ಸಮುದ್ರದ ನೀರಿನಲ್ಲಿಟ್ಟು ಕಾಯ್ದು, ಹೊರಬಂದ ಮರಿಯನ್ನು ನೋಡುವುದು. ಮೂರನೆಯದು ಈಚಿನದು: ಚೀಲದೊಳಗಿನ ಭ್ರೂಣದಿಂದ ತೆಗೆದ ಡಿಎನ್ಎಯನ್ನು ಗೊತ್ತಿರುವ ಮೀನಿನದರೊಡನೆ ಹೋಲಿಸುವುದು. ಜಪಾನಿನ ಇಶಿಯಾಮ ಎಂಬ ವಿದ್ವಾಂಸರು ೧೯೫೮ರಲ್ಲಿ ತಮ್ಮ ದೇಶದ ಸುತ್ತಣ ಸ್ಕೇಟ್ ಮೀನುಗಳ ತತ್ತಿಚೀಲಗಳನ್ನು ವರ್ಣಿಸಿದರು. ೨೦೦೭ರಲ್ಲಿ ಡೇವಿಡ್ ಎಬರ್ಟ್ ಮತ್ತು ಚಾಂಟೆ ಡೇವಿಸ್ ಎಂಬವರು ಉತ್ತರ ಶಾಂತಸಾಗರದ ಪೂರ್ವಭಾಗದ ಚೀಲಗಳ ವರ್ಣನೆಯನ್ನು ಪ್ರಕಟಿಸಿದರು. ಒಮ್ಮೆ ಇಂಥ ಪಟ್ಟಿಯು ಸಿದ್ಧವಾದರೆ, ತಾಯಿಮೀನು ಕಣ್ಣಿಗೆ ಬೀಳದಿದ್ದರೂ ಚೀಲದಿಂದಲೇ ಅವಳ ಜಾತಿಯನ್ನು ಹೇಳಬಹುದು.

ಜಾತಿಯೊಡನೆ ಚೀಲದ ಸ್ಥಿತಿಯನ್ನೂ ಓದಿಕೊಳ್ಳಬೇಕು. ತಿಳಿಬಣ್ಣವಾಗಿ ಜಿಗುಟು ನಾರುಗಳುಳ್ಳದ್ದು ಹೊಸದು. ತುದಿಯು ಬಿರಿದು ಖಾಲಿಯಾಗಿರುವುದು ಮರಿ ಹೊರಟುಹೋದುದು. ಮೈಯಲ್ಲಿ ದುಂಡಾದ ಸಣ್ಣ ತೂತಿದ್ದರೆ ಸಮುದ್ರದ ಬಸವನಹುಳುವು ಕೊರೆದು ಒಳಗಿನ ಬಂಡಾರವನ್ನು ಹೀರಿತೆಂದು ತಿಳಿಯಬೇಕು. ಖಾಲಿ ಚೀಲಗಳು ತಂಪುನೀರಿನಲ್ಲಿ ಬೇಗನೆ ಕೊಳೆಯುವುದಿಲ್ಲವಾದ್ದರಿಂದ, ಹೊಸವೂ ಹಳೆಯವೂ ಒಂದೇ ಎಡೆಯಲ್ಲಿ ರಾಶಿಯಾಗಿ ದೊರೆತರೆ ಆ ಸ್ಥಳವು ತಾಯಿಮೀನುಗಳು ಬಹುಕಾಲದಿಂದ ಮರಳಿಮರಳಿ ಬರುವ ಸಸಿಮಡಿಯೆಂದು ಊಹಿಸಬಹುದು.

ಗುರುತಿನಿಂದ ಆದ ಪ್ರಯೋಜನ

ಅಲಾಸ್ಕಾದ ಪಶ್ಚಿಮಕ್ಕಿರುವ ಬೇರಿಂಗ್ ಸಮುದ್ರದಲ್ಲಿ ಜೆರಾಲ್ಡ್ ಹಾಫ್ ಎಂಬವರು ೨೦೦೪ ಮತ್ತು ೨೦೦೫ರಲ್ಲಿ ಅಂಥ ಸಸಿಮಡಿಯೊಂದನ್ನು ಋತುಋತುವಿಗೂ ಪರೀಕ್ಷಿಸಿದರು. ಅದು ಅಲಾಸ್ಕಾ ಸ್ಕೇಟ್ ಎಂಬ ಜಾತಿಯದು. ಅದರ ವಿಸ್ತಾರವು ಒಂದು ಚದರ ಮೈಲಿಗಿಂತಲೂ ಕಡಿಮೆ. ಅಲ್ಲಿಯ ತಂಪಿನಲ್ಲಿ ತತ್ತಿಯು ಮರಿಯಾಗಲು ಸುಮಾರು ಮೂರೂವರೆ ವರ್ಷಗಳು ಬೇಕೆಂದು ಕಂಡುಬಂದಿತು. ಕೋಳಿಯ ಮೊಟ್ಟೆಗೆ ಇಪ್ಪತ್ತೊಂದು ದಿನಗಳು ಸಾಕಾಗಿರುವಾಗ ಇದಕ್ಕೆ ಸಾವಿರದ ಇನ್ನೂರಕ್ಕೂ ಹೆಚ್ಚು ದಿನಗಳು! ಆದುದರಿಂದ ಆ ಮಡಿಯಲ್ಲಿ ಯಾವಾಗ ನೋಡಿದರೂ ಮೂರು ನಾಲ್ಕು ವರ್ಷಗಳ ತತ್ತಿಗಳು ಒಟ್ಟಿಗೆ ಬಿದ್ದಿರುವುವು. ಸಮುದ್ರದ ತಳವನ್ನು ಗೋರುತ್ತಾ ಹೋಗುವ ಟ್ರಾಲ್ ಬಲೆಯು ಒಂದೇ ಸಲ ಅದರ ಮೇಲೆ ಹಾದುಹೋದರೂ ಮೂರು ನಾಲ್ಕು ವರ್ಷಗಳ ಬಿತ್ತನೆಗೆ ಒಟ್ಟಿಗೆ ಪೆಟ್ಟು ಬೀಳುವುದು. ಇದು ಒಂದು ವರ್ಷದ ಬೆಳೆಯು ಮಳೆಯಿಲ್ಲದೆ ಒಣಗಿದಂತಲ್ಲ. ಹಗೇವಿನಲ್ಲಿಟ್ಟ ಬೀಜಕ್ಕೇ ನೀರು ನುಗ್ಗಿದಂತೆ. ೨೦೧೫ರಲ್ಲಿ ಅಮೆರಿಕದ ಅಧಿಕಾರಿಗಳು ಬೇರಿಂಗ್ ಸಮುದ್ರದಲ್ಲಿ ಸ್ಕೇಟ್ ತತ್ತಿಗಳು ದಟ್ಟವಾಗಿರುವ ಆರು ಸ್ಥಳಗಳನ್ನು ವಿಶೇಷ ಎಚ್ಚರಿಕೆಗೆ ತಕ್ಕವೆಂದು ನಮೂದಿಸಿದರು. ಆ ನಮೂದಿನಿಂದ ಮೀನುಗಾರಿಕೆಯು ನಿಷೇಧಿಸಲ್ಪಡಲಿಲ್ಲ. ಆದರೂ ಮಡಿಗಳು ಎಲ್ಲಿರುವುವೆಂಬುದು ಲೆಕ್ಕಪತ್ರಕ್ಕೆ ಸೇರಿತು.

ಎರಡನೆಯ ನಿದರ್ಶನವು ಇನ್ನೂ ಆಳದ್ದು. ದಕ್ಷಿಣ ಅಮೆರಿಕದ ಪಶ್ಚಿಮಕ್ಕಿರುವ ಗಲಾಪಗೋಸ್ ದ್ವೀಪಗಳ ಉತ್ತರದಲ್ಲಿ, ಸುಮಾರು ೫,೪೦೦ ಅಡಿಗಳ ಆಳದಲ್ಲಿ, ನೆಲದೊಳಗಿನಿಂದ ಬಿಸಿನೀರು ಕಪ್ಪು ಹೊಗೆಯಂತೆ ಉಕ್ಕುವ ಬುಗ್ಗೆಗಳುಂಟು. ೨೦೧೫ರಲ್ಲಿ ಹಡಗಿನಿಂದ ನಡೆಸುವ ಯಂತ್ರವೊಂದನ್ನು ಅಲ್ಲಿಗೆ ಇಳಿಸಿ ನೋಡಿದಾಗ ಬುಗ್ಗೆಗಳ ಸುತ್ತಮುತ್ತ ೧೫೭ ತತ್ತಿಚೀಲಗಳು ಕಂಡುಬಂದವು. ಕೆಲವನ್ನು ಮೇಲಕ್ಕೆ ತಂದು ಡಿಎನ್ಎ ಪರೀಕ್ಷೆ ಮಾಡಿದಾಗ ಅವು ಶಾಂತಸಾಗರದ ಬಿಳಿ ಸ್ಕೇಟಿನವೆಂದು ನಿಶ್ಚಯವಾಯಿತು. ಸುತ್ತಣ ನೀರಿನ ಉಷ್ಣವು ಮೂರು ಡಿಗ್ರಿ ಸೆಂಟಿಗ್ರೇಡಿಗಿಂತ ಕಡಿಮೆಯಾಗಿದ್ದು, ನೂರಕ್ಕೆ ೮೯ರಷ್ಟು ಚೀಲಗಳು ಅದಕ್ಕಿಂತ ತುಸು ಬೆಚ್ಚಗಿನ ನೀರಿನಲ್ಲಿದ್ದುವು. ತಾನು ಕಾವು ಕೊಡಲಾರದ ತಾಯಿಯು ಭೂಮಿಯ ಕಾವನ್ನೇ ಆಶ್ರಯಿಸಿ ತತ್ತಿಗಳನ್ನು ಬೇಗ ಮರಿಮಾಡಿಕೊಳ್ಳುವಳೆಂದು ೨೦೧೮ರಲ್ಲಿ ಈ ಶೋಧವನ್ನು ಪ್ರಕಟಿಸಿದ ವಿದ್ವಾಂಸರು ಅಭಿಪ್ರಾಯಪಟ್ಟರು. ಚೀಲಗಳ ಗುರುತು ಸಿಗದಿದ್ದರೆ ಈ ನಡವಳಿಕೆಯು ಯಾವ ಮೀನಿನದೆಂಬುದು ತಿಳಿಯುತ್ತಿರಲಿಲ್ಲ.

ಮೂರನೆಯದು ಸ್ಕಾಟ್ಲೆಂಡಿನದು. ಇಲ್ಲಿಯ ತತ್ತಿಗಳು ಮೇಲಿನ ಎರಡರಷ್ಟು ಆಳದಲ್ಲಿಲ್ಲವಾದರೂ ಪಾಠವು ಅದೇ. ಆ ದೇಶದಲ್ಲಿ ಸಾಮಾನ್ಯ ಸ್ಕೇಟ್ ಎಂದು ಕರೆಯುತ್ತಿದ್ದ ಮೀನು ಅತಿಯಾಗಿ ಹಿಡಿಯಲ್ಪಟ್ಟು ಅನೇಕ ಕಡೆಗಳಲ್ಲಿ ಇಲ್ಲವಾಯಿತು. ಒಂದೇ ಹೆಸರಿನಲ್ಲಿ ಲೆಕ್ಕಕ್ಕೆ ಬರುತ್ತಿದ್ದುದು ವಾಸ್ತವವಾಗಿ ಎರಡು ಜಾತಿಗಳೆಂಬುದು ೨೦೧೦ರಲ್ಲಿ ಪ್ರಕಟವಾಯಿತು. ಇವೆರಡರಲ್ಲಿ ದೊಡ್ಡದಾದ ಜಾತಿಯ ಚೀಲವು ಹತ್ತು ಅಂಗುಲಗಳಿಗೂ ಮಿಗಿಲಾಗಿರುವುದು. ಅದರೊಳಗಿನ ಮರಿಯು ಹೊರಬರಲು ಸುಮಾರು ಒಂದೂವರೆ ವರ್ಷ ಬೇಕು. ಸ್ಕೈ ದ್ವೀಪದ ಬಳಿ ಈ ಜಾತಿಯ ನೂರಕ್ಕೂ ಹೆಚ್ಚು ತತ್ತಿಗಳುಳ್ಳ ಸ್ಥಳವು ಗೊತ್ತಾದ ಮೇಲೆ ಅಲ್ಲಿಯ ಸರಕಾರವು ೨೦೨೧ರಲ್ಲಿ ಅದನ್ನು ತುರ್ತಾಗಿ ರಕ್ಷಿತ ಪ್ರದೇಶವೆಂದು ಘೋಷಿಸಿ, ತಳವನ್ನು ಕೆದಕುವ ಮೀನುಗಾರಿಕೆಯನ್ನು ತಡೆಯಿತು. ತತ್ತಿಯು ಯಾರದೆಂಬುದು ನಿಶ್ಚಯವಾಗಿದ್ದುದರಿಂದಲೇ ರಕ್ಷಣೆಯು ಇಷ್ಟು ಶೀಘ್ರವಾಗಿ ಸಾಧ್ಯವಾಯಿತು.

ನಮ್ಮ ದೇಶದ ಸಮುದ್ರದಲ್ಲಿ

ಭಾರತದ ತೀರದ ಬಳಿಯ ಬೆಚ್ಚಗಿನ ನೀರಿನಲ್ಲಿ ತೊರಕೆಗಳು ಹೇರಳ. ಸ್ಕೇಟ್ ಮೀನುಗಳು ವಿರಳ. ಇರುವ ಕೆಲವು ಜಾತಿಗಳೂ ಆಳನೀರಿನವು. ಇನ್ವೆಸ್ಟಿಗೇಟರ್ ಎಂಬ ಅಳತೆಯ ಹಡಗಿನಲ್ಲಿ ಕೆಲಸಮಾಡಿದ ಆಲ್ಕಾಕ್ ಎಂಬವರು ೧೮೯೯ರಲ್ಲಿ ತಿರುವಾಂಕೂರು ಕರಾವಳಿಯಾಚೆಯ ಸ್ಕೇಟ್ ಒಂದನ್ನು ವರ್ಣಿಸಿದರು; ಅದಕ್ಕೆ ಇಂದಿಗೂ ತಿರುವಾಂಕೂರು ಸ್ಕೇಟ್ ಎಂಬ ಹೆಸರಿದೆ. ಆಳಸಮುದ್ರದ ಸಿಗಡಿಗಾಗಿ ಟ್ರಾಲ್ ಬಲೆಗಳು ಇಳಿಯುವ ನೀರಿನಲ್ಲಿಯೇ ಇಂಥ ಮೀನುಗಳೂ ವಾಸಿಸುವುವು. ಬಲೆಯಲ್ಲಿ ಬಂದ ಚೀಲವನ್ನು ಕಸವೆಂದು ಸಮುದ್ರಕ್ಕೆ ಎಸೆದುಬಿಟ್ಟರೆ, ಅದು ತಿಳಿಸಬಹುದಾಗಿದ್ದ ಸಂಗತಿಯೂ ಅದರೊಡನೆಯೇ ಮುಳುಗಿಹೋಗುವುದು.

ಆದುದರಿಂದ ಕಡಲತೀರದ ಗ್ರಾಮಗಳ ಮುಖ್ಯಸ್ಥರು ದೋಣಿಯವರಿಗೆ ಈ ಕೆಲವು ಮಾತುಗಳನ್ನು ತಿಳಿಯಹೇಳುವುದು ಉತ್ತಮ. ಕೊಂಬುಳ್ಳ ಚೀಲವು ದೊರೆತರೆ, ದೊರೆತ ದಿನ, ಸ್ಥಳ, ನೀರಿನ ಆಳ, ಚೀಲಗಳ ಸಂಖ್ಯೆ ಇವನ್ನು ಒಡನೆಯೇ ಬರೆದಿಡಬೇಕು. ಅಳತೆಗೋಲನ್ನು ಪಕ್ಕದಲ್ಲಿಟ್ಟು ಎರಡೂ ಮೈಗಳ ಛಾಯಾಚಿತ್ರವನ್ನು ತೆಗೆಯಬೇಕು. ಒಂದೆರಡು ಖಾಲಿ ಚೀಲಗಳನ್ನು ನೀರಿನಲ್ಲಿಯೋ ಮದ್ಯಸಾರದಲ್ಲಿಯೋ ಇಟ್ಟು, ಮಂಗಳೂರಿನಲ್ಲಿ ಶಾಖೆಯುಳ್ಳ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾಲಯಕ್ಕೆ ತೋರಿಸಬಹುದು. ಜೀವವಿರುವ ಚೀಲವನ್ನು ಬಿಸಿಲಿನಲ್ಲಿಡದೆ ಸಾಧ್ಯವಾದಷ್ಟು ಬೇಗ ಸಿಕ್ಕಿದ ಸ್ಥಳದಲ್ಲಿಯೇ ನೀರಿಗೆ ಬಿಡಬೇಕು. ಒಂದೇ ಸ್ಥಳದಲ್ಲಿ ಮೇಲಿಂದ ಮೇಲೆ ಚೀಲಗಳು ಬಲೆಗೆ ಬಂದರೆ ಅಲ್ಲಿ ಮತ್ತೆ ಬಲೆಯೆಳೆಯದಿರುವುದು ಲೇಸು.

ಒಳನಾಡಿನ ಜಮೀನುದಾರರಿಗೂ ಈ ವಿಷಯವು ತೀರ ದೂರವಾದುದಲ್ಲ. ಎಷ್ಟೇ ಕಷ್ಟದ ವರ್ಷದಲ್ಲಿಯೂ ಬಿತ್ತನೆಯ ಬೀಜವನ್ನು ಅಡಿಗೆಗೆ ತೆಗೆಯಬಾರದೆಂಬ ನಿಯಮವನ್ನು ಅವರು ಹಿರಿಯರಿಂದ ಕಲಿತಿರುವರು. ಆ ನಿಯಮವನ್ನು ಪಾಲಿಸಬೇಕಾದರೆ ಬೀಜ ಯಾವುದು, ಕಾಳು ಯಾವುದು ಎಂಬುದು ಮೊದಲು ಗೊತ್ತಿರಬೇಕು. ಸಮುದ್ರದ ಕತ್ತಲೆಯಲ್ಲಿ ಮೂರು ನಾಲ್ಕು ವರ್ಷಗಳ ಕಾಲ ಮರಿಯನ್ನು ಹೊತ್ತು ಬಿದ್ದಿರುವ ಆ ಕಪ್ಪು ಚೀಲವು ಕಸವಲ್ಲ, ಬೀಜ ಎಂದು ತಿಳಿಯುವುದೇ ಅದರ ರಕ್ಷಣೆಯ ಮೊದಲ ಹೆಜ್ಜೆ.